ತಣ್ಣಗಿದ್ದರೆ ಜೀವ ಹೋಗಿದೆ

ಶಿರಾಡಿ ಘಾಟಿ ಹತ್ತಿ ಬಂದ ಲಾರಿ ಸಕಲೇಶಪುರದ ನಮ್ಮ ಗ್ಯಾರೇಜಿನ ಮುಂದೆ ನಿಂತರೆ ಉಸ್ತಾದರು ಮೊದಲು ಮುಂದಿನ ಚಕ್ರದ ಒಳಬದಿಗೆ ಕೈ ಹಾಕುತ್ತಿದ್ದರು. ಎರಡೂ ಕಡೆಯ ಶಾಕ್ ಅಬ್ಸಾರ್ಬರ್ ಮುಟ್ಟಿ, "ಇದು ಬೆಚ್ಚಗೈತೆ. ಅದು ತಣ್ಣಗೈತೆ ನೋಡೋ, ಜೀವ ಹೋಗೈತೆ" ಅನ್ನುತ್ತಿದ್ದರು. ಕುಲುಕಾಟ ನುಂಗಿದ ಎಣ್ಣೆ ಬಿಸಿಯಾಗಲೇಬೇಕು. ಇಷ್ಟು ಅರ್ಥವಾಗಲು ನನಗೆ ಎರಡು ಮಳೆಗಾಲ ಹಿಡಿಯಿತು.

ಆಗ ಶಾಕ್‌ಗೆ ಅಂಥ ಮರ್ಯಾದೆಯೇನೂ ಇರಲಿಲ್ಲ. ದಪ್ಪ ಕಟ್ಟಿನ ಪಟ್ಟಾಗಳು, ಅಂದರೆ ಲೀಫ್ ಸ್ಪ್ರಿಂಗ್‌ಗಳು, ಒಂದಕ್ಕೊಂದು ಉಜ್ಜಿಕೊಂಡೇ ಕುಲುಕಾಟ ತಣಿಸುತ್ತಿದ್ದವು. ಎಷ್ಟೋ ಲಾರಿಗಳ ಹಿಂದಿನ ಆಕ್ಸಲ್‌ಗೆ ಶಾಕ್ ಇರುತ್ತಲೇ ಇರಲಿಲ್ಲ. ಮುಂದಿನದು ಎಣ್ಣೆ ಕಾರಿದರೆ ಬಿಚ್ಚಿಸಿ, ಹಾಗೇ ಓಡಿಸುವ ಮಾಲೀಕರೂ ಇದ್ದರು.

ಆಮೇಲೆ ಬಳ್ಳಾರಿಯ ಅದಿರು ಲಾರಿಗಳು ಮಂಗಳೂರು ಬಂದರಿಗೆ ಹಗಲಿರುಳೂ ಇಳಿಯತೊಡಗಿದವು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸುವ ಹೊತ್ತಿಗೆ ಘಾಟಿಯ ರಸ್ತೆಯೂ ಹೋಗಿತ್ತು, ಶಾಕ್ ಸೋತು ಮುಂದಿನ ಟೈರುಗಳು ಹಳ್ಳ ಹಳ್ಳವಾಗಿ ಸವೆದು ಬರುತ್ತಿದ್ದವು. ಆ ದಿನಗಳಲ್ಲೇ ನಾನು ಒಂದು ತಪ್ಪು ಮಾಡಿದೆ. ಕಣ್ಣಿಗೆ ಹಳೆಯದರಂತೆಯೇ ಕಂಡ ಶಾಕ್ ತಂದು ಹಾಕಿದೆ. ಪೂರ್ತಿ ಅದುಮಿದಾಗ ಅದು ಹಳೆಯದಕ್ಕಿಂತ ಎರಡು ಬೆರಳು ಹೆಚ್ಚು ಉದ್ದವಿತ್ತು. ಲೋಡಾದ ಲಾರಿ ಗುಂಡಿಗೆ ಬಿದ್ದಾಗ ಬಂಪ್ ಸ್ಟಾಪ್ ರಬ್ಬರಿಗೆ ಪೆಟ್ಟು ತಗಲುವ ಮೊದಲೇ ಶಾಕ್ ತಳ ಮುಟ್ಟಿತು, ಬ್ರಾಕೆಟ್ಟೇ ಕಿತ್ತು ಬಂತು. ಉಸ್ತಾದರು ಬೈಯಲಿಲ್ಲ. ಟೇಪು ಕೈಗಿಟ್ಟರು. ಅದುಮಿದ ಉದ್ದ, ಎಳೆದ ಉದ್ದ, ಬುಷ್ಷಿನ ತೂತು, ಮೈಯ ದಪ್ಪ, ಎಲ್ಲ ಅಳೆಸಿ ಚೀಟಿಯಲ್ಲಿ ಬರೆಸಿದರು. ಆ ಚೀಟಿ ಇಲ್ಲದೆ ನಾನು ಇವತ್ತಿಗೂ ಸ್ಪೇರ್ ಅಂಗಡಿಗೆ ಹೋಗುವುದಿಲ್ಲ.

ಈಗ ಎರಡು ಮೂರೇ ಎಲೆಯ ಪ್ಯಾರಾಬೋಲಿಕ್ ಪಟ್ಟಾ ಬಂದಿದೆ. ಅದರಲ್ಲಿ ಉಜ್ಜಾಟ ಕಡಿಮೆ, ಹಾಗಾಗಿ ಕುಲುಕಾಟ ತಣಿಸುವ ಭಾರವೆಲ್ಲ ಶಾಕ್‌ನ ಮೇಲೆ. ಪಟ್ಟಾ ಬದಲು ಗಾಳಿ ಬಲೂನು ಇರುವ ಗಾಡಿಗಳಲ್ಲಂತೂ ಆಕ್ಸಲ್ ಕೆಳಗೆ ಎಷ್ಟು ಇಳಿಯಬೇಕೆಂದು ತಡೆದು ಹಿಡಿಯುವುದೂ ಎಷ್ಟೋ ಸಲ ಶಾಕೇ. ಎಳೆದ ಉದ್ದ ಹೆಚ್ಚಾಯಿತೋ, ಬಲೂನು ಹರಿಯಿತು. ಅಂಗಡಿಯವರು ಚಾಸಿ ನಂಬರ್ ಕೇಳಿ ಪಾರ್ಟ್ ನಂಬರ್ ತೆಗೆಯುತ್ತಾರೆ, ಒಳ್ಳೆಯದೇ. ಆದರೆ ಕೈಬದಲಾದ ಹಳೆಯ ಗಾಡಿಗೆ ಪಟ್ಟಾ ಸೇರಿಸಿ ಎತ್ತರ ಮಾಡಿದ್ದು ಆ ನಂಬರಿಗೆ ಗೊತ್ತಿರುವುದಿಲ್ಲ.

ಹೊಸ ಶಾಕ್ ಬಂದರೆ ನೆಟ್ಟಗೆ ನಿಲ್ಲಿಸಿ ಎಳೆಯುತ್ತೇವೆ, ತಲೆಕೆಳಗು ಮಾಡಿ ಅದುಮುತ್ತೇವೆ. ಒಳಗಿನ ಗಾಳಿ ಹೋಗುವವರೆಗೆ ನಾಲ್ಕೈದು ಸಲ. ಮೊನ್ನೆ ಒಂದು ಟ್ರೇಲರ್ ಬಂತು. ನಮ್ಮ ಹುಡುಗ ನಾನು ಹೇಳುವ ಮೊದಲೇ ಒಳಗೆ ಕೈ ಹಾಕಿದ. "ಅಣ್ಣಾ, ಎಡಗಡೆದು ತಣ್ಣಗೈತೆ." ಆ ಆಕ್ಸಲ್‌ನ ಎರಡನ್ನೂ ಬದಲಿಸಿದೆವು.