ಅಂಜಿಕಿಯ ಮನೆತನ

ನಮ್ಮವ್ವನ ತವರು ಭಾಲ್ಕಿ. ಆ ಮನೆಯವರು ಬೀದರಿಗೆ ಹೊರಟರೆಂದರೆ, ತಾಸಿನ ದಾರಿಗೆ ಎರಡು ತಾಸು ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಕುಂತಿರುತ್ತಾರೆ. ಹಾಕಿದ ಬೀಗವನ್ನು ಜಗ್ಗಿ ನೋಡಿದ್ದು ಸಾಲದೆ, ಓಣಿಯ ತಿರುವಿನಿಂದ ಒಬ್ಬರನ್ನು ವಾಪಸ್ ಕಳಿಸುತ್ತಾರೆ. ಅಪ್ಪನ ಕಡೆಯವರು ಔರಾದಿನವರು. ಬಸ್ಸು ಹೋದರೆ, ಇನ್ನೊಂದು ಬರ್ತದ ಬಿಡ್ರಿ ಎಂದು ಚಹಾ ಹೇಳುವವರು. ಇವರಿಬ್ಬರಿಗೆ ಹುಟ್ಟಿದ ನಾನು ಚಹಾನೂ ಹೇಳುತ್ತೇನೆ, ಎದಿ ಧಡಧಡ ಅನ್ನುತ್ತಲೂ ಕೂಡುತ್ತೇನೆ.

ನೂಲಿನಂತೆ ಸೀರೆ ಎಂದು ನಮ್ಮ ಅಜ್ಜಿಯರು ಮುಗಿಸಿಬಿಟ್ಟ ಮಾತನ್ನು ವಿಜ್ಞಾನಿಗಳು ಎಳೆಎಳೆಯಾಗಿ ಬಿಚ್ಚುತ್ತಿದ್ದಾರೆ. ಅವಳಿಗಳನ್ನು ಹೋಲಿಸಿ ನೋಡಿದವರು ಆತಂಕದ ಕಾಯಿಲೆಯಲ್ಲಿ ವಂಶವಾಹಿಗಳ ಪಾಲು ಶೇ. 30ರಿಂದ 40ರಷ್ಟು ಅನ್ನುತ್ತಾರೆ. ಓದಿದ ದಿನವೇ ನಾನು ನನ್ನ ಅಂಜಿಕಿಯಲ್ಲಿ ರೂಪಾಯಿಗೆ ಆರಾಣೆ ಅಜ್ಜಿಯ ಖಾತೆಗೆ ಬರೆದುಬಿಟ್ಟೆ. ಲೆಕ್ಕ ತಪ್ಪಿತ್ತು. ಹೊಲದ ತೊಗರಿಗಿಡಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ ಯಾಕೆ ಎಂದು ಕೇಳಬಹುದು. ಒಂದೇ ಗಿಡದ ಮುಂದೆ ನಿಂತು ಬೀಜದ್ದೆಷ್ಟು ಗೇಣು, ಮಳೆಯದ್ದೆಷ್ಟು ಗೇಣು ಎಂದರೆ ಯಾರು ಹೇಳಬೇಕು?

1996ರಲ್ಲಿ ಮಿದುಳಿನ ಸೆರೊಟೋನಿನ್ ರಾಸಾಯನಿಕವನ್ನು ಸಾಗಿಸುವ ಪ್ರೋಟೀನಿನ ಜೀನಿಗೂ ಅಂಜಿಕಿಗೂ ನಂಟು ಸಿಕ್ಕಾಗ, ಕಳ್ಳ ಸಿಕ್ಕೇಬಿಟ್ಟ ಎಂಬಷ್ಟು ಗದ್ದಲವಾಗಿತ್ತು. ಆಮೇಲೆ ಆ ಜೀನಿನ ಗತ್ತು ಇಳಿಯಿತು. 2020ರಲ್ಲಿ ಅಮೆರಿಕದ ಸುಮಾರು 2 ಲಕ್ಷ ಮಾಜಿ ಸೈನಿಕರ ಡಿಎನ್‌ಎ ಜಾಲಾಡಿದರು (ಬಂದೂಕು ಹಿಡಿದವರ ಅಂಜಿಕಿ!). ಹತ್ತಿದ ಸುಳಿವು ಆರು, ಒಂದೊಂದರ ಪ್ರಭಾವವೂ ಚಿಟಿಕೆಯಷ್ಟು. ಆ ರಾಶಿಯಲ್ಲಿದ್ದವರು ಹೆಚ್ಚಿನಂಶ ಯುರೋಪ್ ಮೂಲದವರು. ಭಾಲ್ಕಿಯ ಬಸ್‌ಸ್ಟ್ಯಾಂಡಿಗೆ ಅದನ್ನು ಹಾಗೇ ತಂದು ಹೊಂದಿಸಲಾಗದು.

ನಮ್ಮವರ ಎಳೆಯನ್ನು ಹಿಡಿದವರು ಬೆಂಗಳೂರಿನ ನಿಮ್ಹಾನ್ಸ್‌ನವರು. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮನೋರೋಗಿಗಳಿರುವ ಕುಟುಂಬಗಳನ್ನು 2016ರಿಂದ ಅವರು, ಅದೇ ಊರಿನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್ ಕೂಡಿ ಅಭ್ಯಾಸ ಮಾಡತೊಡಗಿದರು. ಬೀಗ ಜಗ್ಗಿಸುವ ಗೀಳು ರೋಗವೂ ಆ ಪಟ್ಟಿಯಲ್ಲಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರು ಅದನ್ನು ಆತಂಕದ ಗುಂಪಿನಿಂದ ಬೇರೆ ಮಾಡಿದರು, ಅಣ್ಣತಮ್ಮಂದಿರು ಪಾಲಾದಂತೆ. ಬೆಂಗಳೂರಿನವರು ಆ ಕುಟುಂಬದವರ ರಕ್ತದ ಕಣವನ್ನು ಕಾಂಡಕೋಶವಾಗಿಸಿ, ಅದರಿಂದ ನರಕೋಶ ಬೆಳೆಸಿ ನೋಡುತ್ತಾರಂತೆ. ತಲೆ ತೆರೆಯದೆ ಮಿದುಳಿನೊಳಗೆ ಇಣುಕುವ ಉಪಾಯ!

ಆದರೆ ಜೀನ್ ಕೊಟ್ಟವರೇ ಎತ್ತಿ ಆಡಿಸುವವರೂ ಆದರೆ ಗಂಟು ಬಿಡಿಸುವುದು ಹೇಗೆ? ಚಿಕ್ಕಂದಿನಲ್ಲಿ ಬೀದರಿನ ಝರಣಿ ನರಸಿಂಹನ ಗುಹೆಗೆ ಹೋಗಿದ್ದೆವು. ಎದೆಮಟ್ಟ ನೀರು, ಮೇಲೆ ಬಾವಲಿಗಳು. ಅಪ್ಪನ ಹೆಗಲ ಮೇಲೆ ನಾನು ಆರಾಮಾಗಿದ್ದೆ. ಬಾಜೂಕೆ ಅವ್ವ ನನ್ನ ಕಾಲು ಬಿಗಿಯಾಗಿ ಹಿಡಿದು, ಅಂಜಬ್ಯಾಡ, ಅಂಜಬ್ಯಾಡ ಅನ್ನುತ್ತಿದ್ದಳು. ಅವಳ ಕೈ ನಡುಗುತ್ತಿತ್ತು. ಅಲ್ಲೀತನಕ ನನಗೆ ಅಂಜಿಕಿ ಬಂದಿರಲಿಲ್ಲ.