ಕಾಫಿ ಕಾಸು

ನಮ್ಮ ಹೊಸಕೋಟೆಯ ಹೋಟೆಲುಗಳಲ್ಲಿ ಟಿಪ್ಸಿನ ವಾಸಸ್ಥಾನ ಸೋಂಪಿನ ತಟ್ಟೆ. ಬಿಲ್ಲಿನ ಚಿಲ್ಲರೆ ಅದರಲ್ಲೇ ಬರುತ್ತದೆ. ಒಂದೆರಡು ನಾಣ್ಯ ಬಿಟ್ಟು ಎದ್ದವನು ಧಾರಾಳಿ. ನಾಣ್ಯವನ್ನೂ ಜೇಬಿಗಿಳಿಸಿ ಸೋಂಪನ್ನೂ ಬಾಯಿಗೆ ಹಾಕಿಕೊಂಡವನು ಸಂಸಾರಸ್ಥ. ಇಬ್ಬರನ್ನೂ ಸಪ್ಲೈಯರು ಒಂದೇ ಮುಖದಿಂದ ಬೀಳ್ಕೊಡುತ್ತಾನೆ. ಭಾನುವಾರ ಬೆಳಕು ಹರಿಯುವ ಮುನ್ನ ಬೆಂಗಳೂರಿನಿಂದ ಬಂದು ದಮ್ ಬಿರಿಯಾನಿಗೆ ಸಾಲುಗಟ್ಟುವವರಿಗಂತೂ ಈ ಯೋಚನೆಯೇ ಇಲ್ಲ. ಕೊಟ್ಟರೆ ಅದು ಕೊಟ್ಟವನ ಖುಷಿ, ಕೊಡದಿದ್ದರೆ ಯಾರ ಒಲೆಯೂ ಆರುವುದಿಲ್ಲ ಎಂದು ನಂಬಿ ಬೆಳೆದವರು ನಾವು.

ಇಂಥ ನಾವು ಈಗ ಅಮೆರಿಕಕ್ಕೆ ಹೋಗಿಬರುತ್ತೇವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಅದು ನಮಗೆ ನೆರೆಮನೆಯಾಯಿತು. ಹೊರಡುವ ಅಪ್ಪ ಅಮ್ಮನಿಗೆ ಮಕ್ಕಳು ಟಿಕೆಟ್ಟಿನ ಜೊತೆಯಲ್ಲೇ ಗಾಲಿಕುರ್ಚಿಯನ್ನೂ ಬುಕ್ ಮಾಡಿಬಿಡುತ್ತಾರೆ. ಕಾಲು ಸರಿಯಿಲ್ಲವೆಂದಲ್ಲ. ನನ್ನ ಹೆಂಡತಿ ನಂದಿಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಿ ಇಳಿದವಳು. ಆದರೆ ಫ್ರಾಂಕ್‌ಫರ್ಟಿನಲ್ಲಿ ಕಾಲು ನಡೆಯುತ್ತದೆ, ಕನ್ನಡ ನಡೆಯುವುದಿಲ್ಲ. ಕುರ್ಚಿಯಲ್ಲಿ ಕುಳಿತವರನ್ನು ಯಾರೂ ತಪ್ಪು ವಿಮಾನಕ್ಕೆ ಹತ್ತಿಸುವುದಿಲ್ಲವಲ್ಲ!

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಕುರ್ಚಿ ತಳ್ಳಲು ಬಂದಾಕೆ ನನ್ನ ಹೆಂಡತಿಗಿಂತ ಹಿರಿಯಳಂತೆ ಕಂಡಳು. ಇಮಿಗ್ರೇಷನ್ನಿನ ಉದ್ದ ಸಾಲು, ಸೂಟ್‌ಕೇಸುಗಳ ಬೆಲ್ಟು, ಕಸ್ಟಮ್ಸು ಎಲ್ಲ ದಾಟಿಸುವಷ್ಟರಲ್ಲಿ ಆಕೆಗೆ ಏದುಸಿರು. "ರೀ, ಅವರನ್ನ ಕೂರಿಸಿ ನಾನೇ ತಳ್ಳಲಾ?" ಎಂದು ಇವಳು ಪಿಸುಗುಟ್ಟಿದಳು. ಮಗ ಮೊದಲೇ ಫೋನಿನಲ್ಲಿ ಹೇಳಿದ್ದ, "ಅಪ್ಪಾ, ಐದು ಡಾಲರಿನ ನೋಟುಗಳು ಮೇಲುಜೇಬಿನಲ್ಲಿರಲಿ." ಕುರ್ಚಿ ಪುಕ್ಕಟೆ, ಅದಕ್ಕೆ ವಿಮಾನ ಕಂಪನಿ ಪ್ರಯಾಣಿಕರಿಂದ ದುಡ್ಡು ಕೇಳುವಂತಿಲ್ಲ. ತಳ್ಳುವವರು ಮಾತ್ರ ಹೆಚ್ಚಾಗಿ ಗುತ್ತಿಗೆಯವರು. ಬಾಯಿಬಿಟ್ಟು ಕೇಳಬಾರದೆಂಬ ಕಟ್ಟಳೆ ಅವರಿಗೆ ಎಷ್ಟೋ ಕಡೆ ಉಂಟು. ಆಕೆ ಕೇಳಲಿಲ್ಲ. ನಮ್ಮ ಜೊತೆ ಇಳಿದ ಇನ್ನೊಬ್ಬ ಯಜಮಾನರು, "ಐದು ಡಾಲರೆಂದರೆ ನಾನೂರು ರೂಪಾಯಿಗೂ ಮೇಲಾಯ್ತಲ್ರೀ" ಎಂದು ಗುಣಾಕಾರ ಮಾಡುತ್ತ, ತಮ್ಮನ್ನು ತಳ್ಳಿದವನಿಗೆ ಕೈಮುಗಿದು ಹೋದರು. ನಮಸ್ಕಾರಕ್ಕೆ ಅಲ್ಲಿ ಅಕ್ಕಿ ಬರುವುದಿಲ್ಲ.

ಹೋಟೆಲಿನ ಲೆಕ್ಕ ಇನ್ನೂ ಬಿಗಿ. ಬಿಲ್ಲಿನ ಮೇಲೆ ನೂರಕ್ಕೆ ಹದಿನೈದರಿಂದ ಇಪ್ಪತ್ತು. ಇದೇನು ದರೋಡೆ ಎನ್ನುವವರು ಅಲ್ಲಿನ ಕೂಲಿಯ ಕಾನೂನನ್ನು ತಿಳಿಯಬೇಕು. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಧಣಿ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನಂತೆ, ಗಂಟೆಗೆ 2.13 ಡಾಲರು. 1991ರಿಂದ ಅದು ಒಂದು ಸೆಂಟೂ ಏರಿಲ್ಲ. 7.25 ಡಾಲರಿನವರೆಗಿನ ಉಳಿಕೆಯನ್ನು ಗಿರಾಕಿಯ ಕೈ ತುಂಬಬೇಕು; ತುಂಬದಿದ್ದರೆ ಧಣಿ ತುಂಬಬೇಕೆಂದು ಕಾಗದದಲ್ಲಿದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಪೂರ್ತಿ ಕೂಲಿಯನ್ನೇ ಕೊಡಿಸುತ್ತವೆ. ಈ ಪದ್ಧತಿಯ ಬೇರು ಅಷ್ಟು ಚೆನ್ನಾದ ಮಣ್ಣಿನಲ್ಲಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ಪುಲ್ಮನ್ ಕಂಪನಿ ತನ್ನ ಮಲಗುವ ರೈಲುಡಬ್ಬಿಗಳಿಗೆ ಬಿಡುಗಡೆಯಾದ ಗುಲಾಮರನ್ನು ನೇಮಿಸಿಕೊಂಡಿತು. ಸಂಬಳ ಅತ್ಯಲ್ಪ, ಉಳಿದದ್ದು ಪ್ರಯಾಣಿಕರ ಕೃಪೆ. ಆ ಪೋರ್ಟರುಗಳು 1925ರಲ್ಲಿ ಸಂಘ ಕಟ್ಟಿ, ಕಂಪನಿಯಿಂದ ಕರಾರಿಗೆ ಸಹಿ ಹಾಕಿಸಲು 1937ರವರೆಗೆ ಹೋರಾಡಿದರು.

ಜರ್ಮನರು ಟಿಪ್ಸಿಗೆ 'ಕುಡಿಯುವ ದುಡ್ಡು' ಎನ್ನುತ್ತಾರೆ. ನಮ್ಮ 'ಕಾಫಿಗಿಟ್ಕೊ'ಗೆ ಹತ್ತಿರದ ನೆಂಟ; ಬಿಲ್ಲನ್ನು ಮೇಲಿನ ಅಂಕಿಗೆ ಏರಿಸಿ ಕೊಟ್ಟರೂ ನಡೆಯುತ್ತದೆ. ಜಪಾನಿನಲ್ಲಿ ಮೇಜಿನ ಮೇಲೆ ಕಾಸು ಬಿಟ್ಟರೆ, ಮರೆತಿರೆಂದು ಹಿಂದೆಯೇ ಓಡಿಬಂದು ಕೊಡುತ್ತಾರಂತೆ. ನಮ್ಮ ಯಜಮಾನರಿಗೆ ಹೇಳಿಮಾಡಿಸಿದ ದೇಶ.

ಮೂರು ತಿಂಗಳ ಮೇಲೆ ದೇವನಹಳ್ಳಿಯಲ್ಲಿ ಇಳಿದೆವು. ಇಲ್ಲಿ ಕನ್ನಡ ನಡೆಯುತ್ತದೆ, ಆದರೂ ಬುಕ್ಕಾದ ಕುರ್ಚಿ ವಿಮಾನದ ಬಾಗಿಲಲ್ಲೇ ಕಾದಿತ್ತು. ತಳ್ಳುವ ಹುಡುಗನನ್ನು ಯಾವೂರಪ್ಪ ಎಂದೆ.

"ಇಲ್ಲೇ ಸಾ. ಈ ರನ್‌ವೇ ಐತಲ್ಲ, ಆ ಕಡೀಕೆ ನಮ್ಮ ತಾತನ ಹೊಲ ಇತ್ತು."

ನಿಲ್ದಾಣಕ್ಕೆ ಹೋದ ಸುಮಾರು 4,000 ಎಕರೆಯಲ್ಲಿ ಅದೂ ಒಂದು. ನನ್ನ ಕೈಯಲ್ಲಿದ್ದ ನೋಟು ಮೇಲೇಳಲಿಲ್ಲ. ಹೊಲದವನ ಮೊಮ್ಮಗನಿಗೆ ನೂರಕ್ಕೆ ಎಷ್ಟು? ಇವಳೇ ಅದನ್ನು ಕಿತ್ತುಕೊಂಡು ಅವನ ಅಂಗಿಯ ಜೇಬಿಗೆ ತುರುಕಿದಳು.

"ಬ್ಯಾಡಿ ಅಜ್ಜಿ, ನಮ್ ಕಡೆಯೋರೇ ನೀವು."

"ಅದಕ್ಕೇ ಕಣಪ್ಪ. ಏನ್ ಬೆಳೀತಿದ್ರಿ?"

"ರಾಗಿ, ಅವರೆ. ಬಾವಿ ಪಕ್ಕ ಒಂದು ಚಕ್ಕೋತದ ಗಿಡ ಇತ್ತಂತೆ" ಎಂದು ಕುರ್ಚಿಯನ್ನು ಲಿಫ್ಟಿನತ್ತ ತಿರುಗಿಸಿದ.