ಖಾಲಿ ರಾಡು

ಮೂರು ವರ್ಷ ಆದ್ಮೇಲೆ ನಿನ್ನೆ ಮತ್ತೆ ಜಿಮ್ಮಿಗೆ ಹೋದೆ. ಒಂದು ಕಾಲಕ್ಕೆ 140 ಕೆಜಿ ಸ್ಕ್ವಾಟ್ ಹೊಡೀತಿದ್ದೋನು ನಾನು. ನಿನ್ನೆ ಹೊತ್ತಿದ್ದು ಬರೀ ರಾಡು, 20 ಕೆಜಿ.

ನಡುವೆ ಶುಗರ್ ಬಂತು, ಅದರ ಹಿಂದೆಯೇ ಬಿಪಿ. ಧರಣಿ, ಜಾಥಾ ಅಂತ ತಿರುಗುವಾಗ ಹೊತ್ತಿಗೆ ಸರಿಯಾಗಿ ಉಂಡವರು ನಮ್ಮಲ್ಲಿ ಯಾರಿದ್ದೀರಿ ಹೇಳಿ? ಬಸ್ ಸ್ಟ್ಯಾಂಡಿನ ಟೀ, ಬನ್ನು, ಅಷ್ಟೇ. ಮಾತ್ರೆ ನುಂಗೋದನ್ನ ಸಂಗಾತಿಗಳಿಂದಲೂ ಮುಚ್ಚಿಟ್ಟಿದ್ದೆ. ಯಾಕೋ ನಾಚಿಕೆ.

ಡಾಕ್ಟರು ಬೇಡ ಅನ್ನಲಿಲ್ಲ. "ಉಸಿರು ಬಿಗಿಹಿಡೀಬೇಡಿ, ಬಿಪಿ ಸರ್ರಂತ ಏರುತ್ತೆ. ಏಳುವಾಗ ಉಸಿರು ಬಿಡಿ" ಅಂದರು. ಪವರ್‌ಲಿಫ್ಟಿಂಗ್ ಮಾಡಿದೋರಿಗೆ ಇದರ ಕಷ್ಟ ಗೊತ್ತು. ದೊಡ್ಡ ತೂಕ ಏಳೋದೇ ಹೊಟ್ಟೇಲಿ ಉಸಿರು ಕಟ್ಟಿದಾಗ. ಹಂಗಾಗಿ ಸದ್ಯಕ್ಕೆ ದೊಡ್ಡ ತೂಕ ಇಲ್ಲ.

ಅವ್ವನಿಗೆ ಈ ಹುಚ್ಚು ಯಾವತ್ತೂ ಅರ್ಥ ಆಗಿಲ್ಲ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಮೂಟೆ ಹೊತ್ತು ಹೊತ್ತೇ ಸೊಂಟ ಹೋಯ್ತು. "ನಿಮ್ಮಪ್ಪ ಹೊತ್ತಿದ್ದು ಸಾಲ್ದೇನ್ಲಾ? ನೀನು ದುಡ್ಡು ಕೊಟ್ಟು ಹೊರ್ತೀಯಲ್ಲ" ಅಂತಾಳೆ. ರಾಡು ಕೂರೋದೂ ಅಪ್ಪನ ಮೂಟೆ ಕೂರ್ತಿದ್ದ ಜಾಗದಲ್ಲೇ. ಆದ್ರೆ ಸಾಕಾದಾಗ ಇಳಿಸೋ ಹಕ್ಕು ಅಪ್ಪನಿಗಿರಲಿಲ್ಲ.

ಎಂಟನೇ ಸಲಕ್ಕೆ ತಲೆ ಸುತ್ತಿದಂಗಾಯ್ತು. ಇಳಿಸಿದೆ. ಪಕ್ಕದ ಹುಡುಗ "ಏನಣ್ಣ, ಖಾಲಿ ರಾಡಿಗೇ ಸುಸ್ತಾ?" ಅಂದ. ನಕ್ಕು ನೀರು ಕುಡಿದೆ.

ನಾಡಿದ್ದು ಬೆಂಚ್ ಪ್ರೆಸ್. ಅವತ್ತು ಮೀಟಿಂಗ್ ಇಟ್ಟಿರೋರು ದಯವಿಟ್ಟು ಹತ್ತು ಗಂಟೆ ಮೇಲೆ ಇಡಿ. ನಾನು ತಿಂಡಿ ತಿಂದೇ ಬರೋದು.